ಸಕ್ಕರಿ ಓದಿಕಿ

“ನೀನ ಓದಪ್ಪ,” ಎಂದು ದುರಗಮ್ಮ ಸಕ್ಕರೆಯ ತಟ್ಟೆಯನ್ನು ಹುಚ್ಚೀರಪ್ಪನ ಮುಂದೆ ಹಿಡಿದಳು. ಅವಳ ಹೆಗಲ ಮೇಲೆ ಮೊಮ್ಮಗಳು ಜ್ವರದಿಂದ ಕಣ್ಣು ಬಿಡದೆ ಬಿದ್ದಿದ್ದಳು. ಮೊಹರಮ್ಮಿಗೆ ಮಸೂತಿಯಲ್ಲಿ ಕೂತ ಅಲಾಯಿ ದೇವರ ಪಂಜಾದ ಮುಂದೆ ಕುರಾನಿನ ಮಾತು ಓದಿಸಿದ ಸಕ್ಕರೆ ಒಂದು ಚಿಟಿಕೆ ನಾಲಿಗೆಗೆ ಬಿದ್ದರೆ ಸಾಕು, ಮಗು ಉಳಿಯುತ್ತದೆಂದು ಅವಳು ನಂಬಿದ್ದಳು.

ಪ್ರತಿ ಮೊಹರಮ್ಮಿಗೂ ದೇವರನ್ನು ಹೊರುತ್ತಿದ್ದವನು ಹುಚ್ಚೀರಪ್ಪ. ಸಕ್ಕರೆ ಓದುತ್ತಿದ್ದವನು ಮುಲ್ಲಾ ದಾವಲಸಾಬ. ನಿಜಾಮನ ರಾಜ್ಯ ಬಿದ್ದ ವಾರ, ರಜಾಕಾರರ ಮೇಲಿನ ಸಿಟ್ಟನ್ನೆಲ್ಲ ಊರು ಆ ಒಬ್ಬ ಮುದುಕನ ಮೇಲೆ ತೀರಿಸಿಕೊಂಡಿತ್ತು. ಆಮೇಲೆ ಹಬ್ಬ ಬಂತು. ದೇವರನ್ನು ತೊಳೆದು, ಹಸಿರು ಬಟ್ಟೆ ಉಡಿಸಿ, ಎಂದಿನಂತೆ ಕೂಡಿಸಿದರು.

“ದೇವ್ರೆಲ್ಲಾ ಒಂದ ಅಲ್ಲೇನೋ? ಯಾರ ಓದಿದ್ರೇನು, ಓದು,” ಎಂದು ಹಿಂದಿನಿಂದ ಗೌಡ ವಿರುಪಣ್ಣ ಗದರಿದ. ನೆರೆದವರೆಲ್ಲ ಹೌದೌದೆಂದರು.

ಹುಚ್ಚೀರಪ್ಪ ಕಣ್ಣು ಮುಚ್ಚಿ, ದಾವಲಸಾಬನ ಹಾಗೆಯೇ ಎರಡೂ ಅಂಗೈ ಮೇಲೆತ್ತಿದ. “ಬಿಸ್ಮಿಲ್ಲಾ…” ಎಂದವನು ಅಲ್ಲಿಗೇ ನಿಂತ. ಚಿಕ್ಕಂದಿನಿಂದ ವರ್ಷವರ್ಷವೂ ಕೇಳಿದ ಮಾತುಗಳು. ಕಿವಿಯಲ್ಲಿ ಈಗ ಉಳಿದದ್ದು ಕೊನೆಯ ಸಲ ಕೇಳಿದ್ದು ಮಾತ್ರ. ಅಂದು ಇದೇ ಮಸೂತಿಯ ಹೊಸ್ತಿಲಲ್ಲಿ ಮುದುಕ ಹೀಗೆಯೇ ಕೈಯೆತ್ತಿ ಇಷ್ಟೇ ಅಂದಿದ್ದ. ಮುಂದಿನದನ್ನು ಅನ್ನಲು ಹುಚ್ಚೀರಪ್ಪನ ಕೊಡಲಿ ಬಿಟ್ಟಿರಲಿಲ್ಲ.

ಮಗುವಿನ ಗಂಟಲು ಗೊರಗೊರ ಎಂದಿತು. ದುರಗಮ್ಮ ತಟ್ಟೆಯನ್ನು ಇನ್ನಷ್ಟು ಹತ್ತಿರ ತಂದಳು.

“ಮುಂದ ಹೇಳೋ ಯಪ್ಪಾ.”