ಸಂದಿಯ ಚಕ್ಕೆ

ಟಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು ಟಕ್. ಇಷ್ಟು ರಾತ್ರಿಯಲ್ಲಿ ಹೊಲದ ನಡುವಿನ ಹಾಳು ಕೋಟೆಯಲ್ಲಿ ಯಾರೋ ಕಲ್ಲು ಕುಟ್ಟುತ್ತಿದ್ದರು. ಗಂಡನೋ, ಎಬ್ಬಿಸಿದರೂ ಏಳುವ ಆಸಾಮಿಯಲ್ಲ. ಸೊಸೆ ಜೀವ ಕೈಯಲ್ಲಿ ಹಿಡಿದು, ಟಾರ್ಚ್ ಹಾಕಿಕೊಂಡು ಹೋದಳು. ಗೋಡೆಯ ಬುಡದಲ್ಲಿ ಸಣ್ಣ ಸುತ್ತಿಗೆ ಹಿಡಿದು ಕೂತಿದ್ದವರು ಮಾವ!

"ಮಾವ, ಒಂದು ಕಲ್ಲೂ ಮುಟ್ಟಬೇಡಿ ಅಂತ ಪುರಾತತ್ವ ಇಲಾಖೆಯವರು ಹೇಳಿಲ್ವಾ? ಗೊತ್ತಾದ್ರೆ ಕೇಸ್ ಹಾಕಿ, ಕೋಟೆ ಸುತ್ತ ಬೇಲಿ ಬಿಗೀತಾರೆ."

"ಮೆಲ್ಲಗಮ್ಮ, ನಿಮ್ಮತ್ತೆ ಎದ್ರೆ ಇಲಾಖೆಗಿಂತ ಕಷ್ಟ. ಗಾರೆ ಇಲ್ದೆ ಎಂಟುನೂರು ವರ್ಷ ತಾನಾಗೇ ನಿಂತಿದೆ ಅಂತ ಬರ್ಕೊಂಡು ಹೋದ್ರಲ್ಲ, ಓದಿದವರು! ಕಲ್ಲುಗಳ ಸಂದಿಗೆ ಬಿಗಿದ ಚಕ್ಕೆ ಒಂದು ಉದುರಿದ್ರೆ ಸಾಕು, ಗೋಡೆ ಹೊಟ್ಟೆ ಬಿಟ್ಕೊಂಡು ಬೀಳುತ್ತೆ. ನಮ್ಮಪ್ಪ, ಅವರಪ್ಪ, ಎಲ್ರೂ ಉದುರಿದ್ದನ್ನ ಅವತ್ತೇ ಕೂರಿಸ್ತಿದ್ರು. ಟಾರ್ಚ್ ಸ್ವಲ್ಪ ಮೇಲೆ ಹಿಡಿ."

ಅಂಗೈಯಗಲದ ಕಲ್ಲಿನ ಚಕ್ಕೆಯನ್ನು ಮೂರು ಸಲ ತಿರುಗಿಸಿ ನೋಡಿ, ಸಂದಿಗಿಟ್ಟು, ಒಂದೇ ಪೆಟ್ಟು ಕೊಟ್ಟರು. ಅದು ಅಲ್ಲೇ ಹುಟ್ಟಿ ಬೆಳೆದಂತೆ ಕೂತಿತು. ಬೆಳಕು ಮೇಲೇರಿತು. ದೊಡ್ಡ ಕಲ್ಲುಗಳ ನಡುವೆ ಪಾಚಿಗಟ್ಟಿದ ಚಕ್ಕೆಗಳು, ಬೂದು ಚಕ್ಕೆಗಳು, ಇನ್ನೂ ಬಿಳಿಯಾಗಿರುವ ಚಕ್ಕೆಗಳು. ಆಳೆತ್ತರ ದಾಟಿಯೂ ಇದ್ದವು. ಅವಳು ಕಾಲೇಜಿನಲ್ಲಿ ಓದಿದ ಚರಿತ್ರೆಯಲ್ಲಿ ಕೋಟೆ ಕಟ್ಟಿಸಿದ ಅರಸರಿದ್ದರು, ಕೆಡವಿದ ಅರಸರಿದ್ದರು. ಹಗಲು ಹೊಲ ಉತ್ತು, ರಾತ್ರಿ ಕೋಟೆಯನ್ನು ನಿಲ್ಲಿಸಿಕೊಂಡು ಬಂದವರ ಸುದ್ದಿಯೇ ಇರಲಿಲ್ಲ. ಬರೆದು ಊರಿಗೆಲ್ಲ ಓದಿಸಬೇಕು ಅನ್ನಿಸಿತು. ಆದರೆ ಗೊತ್ತಾದ ಮರುದಿನವೇ ಬೇಲಿ ಬರುತ್ತದೆ. ಆಮೇಲೆ ಚಕ್ಕೆ ಕೂರಿಸುವವರು ಯಾರು? ಯಾರಿಗೂ ಹೇಳಬಾರದು, ಬಾಯಲ್ಲಿ ಮಾತು ನಿಲ್ಲದ ಗಂಡನಿಗಂತೂ ಹೇಳಲೇಬಾರದು ಎಂದು ನಿರ್ಧರಿಸಿ, ನೆಲದಲ್ಲಿದ್ದ ಇನ್ನೊಂದು ಚಕ್ಕೆಯನ್ನು ಎತ್ತಿ ಮಾವನ ಕೈಗಿಟ್ಟಳು.