ಮೂರು ಚುಕ್ಕಿಯ ಉಳಿಗಳು

ಸೀಳಿದ ಹಿಡಿ ಕಳಚಿ ಬಂದ ಕೂಡಲೇ ಶಹಾತ ಉಳಿಯನ್ನು ಬೆಳಕಿಗೆ ಹಿಡಿದ. ಉಳಿಯ ಬಾಲದ ಮೇಲೆ, ಹಿಡಿಯೊಳಗೆ ಅಡಗಿ ಕೂರುವ ಜಾಗದಲ್ಲಿ, ಮೂರು ಚುಕ್ಕಿಗಳಿದ್ದವು. ಅವನ್ನು ಕುಟ್ಟಿದವನು ಅವನೇ. ಮಗನಿಗೆಂದು ಆರು ಉಳಿ ಮಾಡಿಸಿದಾಗ ಯಾರಿಗೂ ಹೇಳದೆ ಇಟ್ಟ ಗುರುತು.

ಉಳಿದ ಐದರ ಹಿಡಿಗಳನ್ನೂ ಒಡೆದು ತೆಗೆದ. ಐದರಲ್ಲೂ ಚುಕ್ಕಿ.

ಉಳಿ ತಂದ ಹೆಂಗಸು ಅಂಗಡಿಯ ಬಾಗಿಲಲ್ಲಿ ಮುಕ್ಕಾಲಿಯ ಮೇಲೆ ಕೂತಿದ್ದಳು. ಹೆಸರು ನಜಾತ್ ಎಂದಿದ್ದಳು, ರಷೀದ್ ಎಂಬ ಊರಿನಿಂದ ಬೆಳಗಿನ ಬಸ್ಸಿಗೆ ಬಂದವಳು. ಅವಳ ಕಣ್ಣು ಗಳಿಗೆಗೊಮ್ಮೆ ಬೀದಿಯಾಚೆಯ ಚಹಾ ಅಂಗಡಿಯ ಕಡೆ ಹೋಗಿ ಬರುತ್ತಿತ್ತು. ಯಾರನ್ನೋ ಕಾವಲಿಗೆ ಕೂರಿಸಿ ಬಂದಿದ್ದಾಳೆ ಎಂದುಕೊಂಡ ಶಹಾತ.

ಈ ದಮಿಯೆತ್ತಾ ಊರಿನಲ್ಲಿ ಬದುಕಿರುವ ಬಡಗಿ ತನ್ನ ಉಳಿಗೆ ತಾನೇ ಹಿಡಿ ಹಾಕಿಕೊಳ್ಳುತ್ತಾನೆ. ಹೆಂಡತಿ ಕೂಡ ಅದನ್ನು ಮುಟ್ಟುವಂತಿಲ್ಲ. ಉಳಿ ಇನ್ನೊಬ್ಬನ ಕೈ ಸೇರುವುದು ಒಡೆಯ ಮಣ್ಣು ಸೇರಿದ ಮೇಲೆ. ಶಹಾತನ ಕಸುಬು ನಡೆಯುತ್ತಿದ್ದುದೇ ಹಾಗೆ: ಸತ್ತವರ ಉಳಿಯ ತುಕ್ಕು ಬಿಡಿಸಿ, ಸಾಣೆ ಹಿಡಿದು, ಕೊಂಡವನ ಕೈಗೆ ಹೊಂದುವ ಹೊಸ ಹಿಡಿ ಹಾಕಿಕೊಡುವುದು. ನಲವತ್ತು ವರ್ಷದಲ್ಲಿ ಬದುಕಿದ್ದವನ ಉಳಿ ಒಂದೂ ಆ ಅಂಗಡಿಯ ಮೆಟ್ಟಿಲು ಹತ್ತಿರಲಿಲ್ಲ.

ಹಾಗಾದರೆ ಮಗ ರಗಬ್?

ಒಂಬತ್ತು ವರ್ಷದ ಹಿಂದೆ, ಕುರ್ಚಿಯ ಸಂದು ಸರಿಯಾಗಿ ಕೂಡಲಿಲ್ಲವೆಂದು ರಗಬ್ ಅದಕ್ಕೊಂದು ಮೊಳೆ ಹೊಡೆದಿದ್ದ. ಅಜ್ಜನ ಕಾಲದಿಂದ ಸಂದಿಗೆ ಮೊಳೆ ಮುಟ್ಟಿಸದ ಮನೆ ಅದು. ಶಹಾತನಿಗೆ ಮೈಯೆಲ್ಲ ಉರಿಯಿತು. “ಮೊಳೆ ಹೊಡೆದ ಕೈ ಸೇದ್ಹೋಗ” ಎಂದು ಹತ್ತು ಜನರ ಎದುರಿಗೇ ಶಾಪ ಹಾಕಿಬಿಟ್ಟ. ಮಗ ಉಳಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಇಳಿದು ಹೋದ. ಸಮುದ್ರ ದಾಟುವ ದೋಣಿ ಹತ್ತಿದ ಎಂದರು ಕೆಲವರು. ಆ ದೋಣಿ ಮುಳುಗಿತು ಎಂದರು ಇನ್ನು ಕೆಲವರು. ಇದ್ದಾನೋ ಇಲ್ಲವೋ, ಅದೊಂದು ತಿಳಿಸು ಎಂದು ಶಹಾತ ಐದು ಹೊತ್ತಿನ ನಮಾಜಿನಲ್ಲೂ ದೇವರನ್ನು ಕೇಳುತ್ತಿದ್ದ. ಇವತ್ತು ಉತ್ತರ ಬಂದಿತ್ತು. ಕೇಳಬಾರದಿತ್ತು ಎನಿಸಿತು.

“ಈ ಉಳಿಗಳು ನಿನ್ನ ಗಂಡನಿಗೆ ಎಲ್ಲಿ ಸಿಕ್ಕವಮ್ಮ?”

“ಅವರಪ್ಪ ಕೊಟ್ಟಿದ್ದು, ಉಸ್ತಾ.”

ಮೇಸ್ತ್ರಿಗಳನ್ನು ಕರೆಯುವಂತೆ ಉಸ್ತಾ ಎಂದು ಕರೆದು, ಕಣ್ಣು ಕೂಡ ಮಿಟುಕಿಸದೆ ಹೇಳಿದಳು. ಎಂಥ ಗಟ್ಟಿಗಿತ್ತಿ!

“ಅವನೇ ಯಾಕೆ ಬರಲಿಲ್ಲ?”

“ಬರೋಕೆ ಮುಖ ಇಲ್ಲ ಅಂದ್ರು. ಆದ್ರೆ ಹಿಡಿ ಮಾತ್ರ ಉಸ್ತಾ ಶಹಾತ ಅವರ ಕೈಯಿಂದ್ಲೇ ಆಗ್ಬೇಕು, ಬೇರೆಯವರ ಕೈಗೆ ಕೊಡಬೇಡ ಅಂದ್ರು.”

ಕದ್ದವನಿಗೆ ಮುಖ ಎಲ್ಲಿಂದ ಬರಬೇಕು? ಶಹಾತ ಹಲ್ಲು ಕಚ್ಚಿಕೊಂಡು ಕಿತ್ತಳೆ ಮರದ ತುಂಡನ್ನು ಇಕ್ಕಳಕ್ಕೆ ಸಿಕ್ಕಿಸಿದ. ಕೆಲಸ ನಿಲ್ಲಿಸಿದರೆ ಅವಳು ಗಂಟು ಕಟ್ಟಿಕೊಂಡು ಹೊರಟುಬಿಡುತ್ತಾಳೆ. ಅವಳು ಹೋದರೆ ಮಗನ ಸುದ್ದಿಯೂ ಹೋದಂತೆಯೇ.

“ಹೆಬ್ಬೆಟ್ಟು ಕೂರೋ ಗುಳಿ ಬಲಗೈಗೆ ತೆಗೀರಿ,” ಎಂದಳು. “ಕೊಡತಿ ಎಡಗೈಲಿ ಬೀಸ್ತಾರೆ.”

ಅರ ಉಜ್ಜುತ್ತಿದ್ದ ಕೈ ನಿಂತಿತು. ರಗಬ್ ಕೊಡತಿ ಬೀಸುತ್ತಿದ್ದುದು ಬಲಗೈಯಲ್ಲಿ, ಉಳಿ ಹಿಡಿಯುತ್ತಿದ್ದುದು ಎಡಗೈಯಲ್ಲಿ. ಇವಳ ಗಂಡ ಎಡಚ. ಮನಸ್ಸಿನ ಮೂಲೆಯಲ್ಲಿ ಉಳಿದಿದ್ದ ಒಂದೆಳೆ ಆಸೆಯೂ ಅಲ್ಲಿಗೆ ಹರಿಯಿತು.

“ಹಿಡಿ ದಪ್ಪ ಇರ್ಲಿ, ಉಸ್ತಾ. ಇನ್ನೂ ಸ್ವಲ್ಪ ದಪ್ಪ.”

“ಒನಕೆ ಹಿಡ್ಕೊಂಡು ಸಂದು ಕೊರೆಯೋ ಬಡಗೀನ ನಾನು ಕಂಡಿಲ್ಲಮ್ಮ. ಯಾವೂರ ಪೈಲ್ವಾನ ನಿನ್ನ ಗಂಡ?”

ಅವಳು ನಗಲಿಲ್ಲ. ಚಹಾ ಅಂಗಡಿಯ ಕಡೆ ನೋಡಿದಳು.

ಕಾದು ಕೆಂಪಾದ ಬಾಲ ಕಿತ್ತಳೆ ಮರದೊಳಗೆ ಸುಡುತ್ತ ಇಳಿಯಿತು. ಹೊಗೆ ಕಣ್ಣಿಗೆ ಹೊಡೆಯಿತು. ಹೊಗೆಯ ನೆಪದಲ್ಲಿ ಶಹಾತ ಅತ್ತ. ಒಂದೊಂದಕ್ಕೂ ಹಿತ್ತಾಳೆ ಬಳೆ ತೊಡಿಸಿ, ಅಲಗು ಮಸೆದು, ಎಣ್ಣೆ ಸವರಿದ. ಆರನೆಯದು ಮುಗಿಯುವಾಗ ಮಸೀದಿಯಲ್ಲಿ ಮಧ್ಯಾಹ್ನದ ಕೂಗು ಕೇಳಿಸಿತು.

ನಜಾತ್ ಎದ್ದು ಕೈ ಚಾಚಿದಳು. ಶಹಾತ ಆರೂ ಉಳಿಗಳನ್ನು ಬಾಚಿ ಎದೆಗವಚಿಕೊಂಡ.

“ಕೊಡಲ್ಲ. ಇವು ನನ್ನ ಮಗನವು.”

ಅವಳು ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡಳು.

“ಪೊಲೀಸರಿಗೆ ಹೇಳಲ್ಲಮ್ಮ. ನಿನ್ನ ಗಂಡ ಕದ್ದಿರಲಿ, ಹೆಣದ ಪಕ್ಕದಿಂದ ಎತ್ಕೊಂಡಿರಲಿ, ನಾನು ಏನೂ ಕೇಳಲ್ಲ.” ಮುದುಕ ಮರದ ಹೊಟ್ಟಿನಲ್ಲೇ ಮಂಡಿಯೂರಿ ಕುಸಿದ. “ಅವನನ್ನ ಎಲ್ಲಿ ಹೂತಿದ್ದಾರೆ, ಅದೊಂದು ಹೇಳು. ಕೈ ಸೇದ್ಹೋಗ ಅಂದಿದ್ದೆ. ಗೋರಿ ಮುಂದೆ ಕೂತಾದ್ರೂ ಆ ಮಾತು ವಾಪಸ್ ತಗೋತೀನಿ. ನಿನ್ನ ಕಾಲಿಗೆ ಬೀಳ್ತೀನಿ ತಾಯಿ.”

ನಜಾತ್ ತಲೆವಸ್ತ್ರದ ತುದಿಯಿಂದ ಬಾಯಿ ಮುಚ್ಚಿಕೊಂಡು ನಿಂತಳು. “ಹೇಳಲ್ಲ ಅಂತ ಆಣೆ ಮಾಡಿ ಬಂದಿದ್ದೆ,” ಎಂದಳು ಕೊನೆಗೆ. “ಆಣೆ ಮುರಿದ ಪಾಪ ನನಗಿರಲಿ.”

ಅವನ ತೋಳಿನಿಂದ ಒಂದು ಉಳಿಯನ್ನು ಮೆಲ್ಲಗೆ ಬಿಡಿಸಿಕೊಂಡಳು. ಬಲಗೈಯ ಕಿರುಬೆರಳು, ಉಂಗುರದ ಬೆರಳು, ನಡುಬೆರಳು ಮೂರನ್ನೂ ಅಂಗೈಗೆ ಮಡಚಿ, ಹೆಬ್ಬೆಟ್ಟು ತೋರುಬೆರಳಿನ ನಡುವೆ ಆ ದಪ್ಪ ಹಿಡಿಯನ್ನು ಹಿಡಿದು ನೋಡಿದಳು. ಗಟ್ಟಿಯಾಗಿ ಕೂತಿತು.

“ಯಂತ್ರಕ್ಕೆ ಸಿಕ್ಕಿ ಹೋಗಿದ್ದು ಮೂರು ಬೆರಳು ಮಾತ್ರ, ಮಾವ. ನಿಮ್ಮ ಮಗ ಆ ಚಹಾ ಅಂಗಡೀಲಿ ಕೂತಿದ್ದಾರೆ. ಅದು ನಿಮ್ಮ ಶಾಪದಿಂದ ಆಗಿದ್ದಲ್ಲ ಅಂತ ನೀವೇ ಬಂದು ಹೇಳಿ.”