ಬಿಸಿಲಿನ ಗೋಡೆ

ಗೌಂಡಿ ಧೂಳಪ್ಪ ಕರಣಿಯ ಹಿಡಿಕೆಯಿಂದ ಗೋಡೆಗೆ ಮೆಲ್ಲಗೆ ಬಡಿದ. ಪೊಳ್ಳು ಸದ್ದು ಬಂತು. ಇನ್ನೊಂದು ಏಟಿಗೆ ಮೊರದಗಲ ಗಿಲಾವು ಕಳಚಿ ಓಣಿಗೆ ಬಿತ್ತು. ಅದಕ್ಕೆ ಅಂಟಿಕೊಂಡಿದ್ದ ಎರಡು ಕುಳ್ಳೂ ಜೊತೆಗೇ ಬಿದ್ದವು. ಒಣಗಿದ ಸಗಣಿಯ ಮೇಲೆ ಐದು ಬೆರಳಿನ ಗುರುತು ಹಾಗೇ ಇತ್ತು.

“ನೋಡ್ರಿ ವೈನಿ, ಕುಳ್ಳು ಕಿತ್ತಾಗೊಮ್ಮೆ ಗಿಲಾವಿನ ಸಿಪ್ಪಿ ಕಿತ್ಕೊಂಡ ಬರಾಕತ್ತೈತಿ. ನೀರು ಒಳಗ ಇಳೀದ ಏನ್ ಮಾಡ್ತೈತಿ?”

ರೂಪಾಲಿಗೆ ಅದನ್ನು ಯಾರೂ ಹೇಳಬೇಕಾಗಿರಲಿಲ್ಲ. ಹೋದ ಮಳೆಗಾಲವಿಡೀ ಒಳಕೋಣೆಯ ಮಂಚವನ್ನು ಗೋಡೆಯಿಂದ ದೂರ ಎಳೆದುಕೊಂಡು ಮಲಗಿದವಳು ಅವಳು. “ಪೂರಾ ಕಿತ್ತ ಹಾಕು. ನುಣ್ಣನ ಗಿಲಾವು ಆಗ್ಬೇಕು, ಮ್ಯಾಲ ಆಯಿಲ್ ಪೇಂಟ್. ಕುಳ್ಳು ಬಡದ್ರ ಜಾರಿ ಬೀಳ್ಬೇಕು.”

ಸಗಣಿ ಬುಟ್ಟಿ ಹೊತ್ತು ಬಂದ ಎದುರು ಮನೆಯ ತುಳಸವ್ವ ಓಣಿಯ ನಡುವೆಯೇ ನಿಂತಳು.

“ತಂಗಿ, ನಾ ಎಲ್ಲಿ ಬಡೀಲಿ?”

“ನಿಮಗ ಗೋಡಿ ಇಲ್ಲೇನ್ರಿ ಕಾಕೂ?”

“ನಮ್ಮ ಗೋಡಿ ಬಡಗಣಕ್ಕ ಮಾರಿ ಮಾಡೈತಿ. ಬಿಸಿಲ ಕಾಣೂದಿಲ್ಲವ್ವಾ. ಅಲ್ಲಿ ಬಡದ್ರ ಹುಳಾ ಬೀಳ್ತಾವ.”

“ಹಂಗಂತ ನಾವು ಮನಿಯಾಗ ಛತ್ರಿ ಹಿಡ್ಕೊಂಡ ಮಲಗೂದೇನ್ರಿ?”

ತುಳಸವ್ವ ತಲೆಯ ಮೇಲಿನ ಬುಟ್ಟಿಯನ್ನು ಸರಿಮಾಡಿಕೊಂಡಳು. ಅವಳಿಗಿದ್ದುದು ಒಂದೇ ಎಮ್ಮೆ. ಅದರ ಹಾಲಿನಿಂದ ಮನೆ ನಡೆಯುತ್ತಿತ್ತು, ಅದರ ಹಿಂಡಿ ಕುಳ್ಳು ಮಾರಿದ ದುಡ್ಡಿನಿಂದ ಬರುತ್ತಿತ್ತು. ಏಕಸಂಬಿಯಲ್ಲಿ ಈಗ ಎಲ್ಲರ ಒಲೆಗೂ ಗ್ಯಾಸ್ ಬಂದಿದೆ. ಆದರೂ ಅವಳ ಕುಳ್ಳು ಯಾವ ವರ್ಷವೂ ಉಳಿದಿರಲಿಲ್ಲ.

ರೂಪಾಲಿಯ ಮಾವ ಬಾಬಾಸಾಹೇಬ ಕಟ್ಟೆಯ ಮೇಲೆ ಕೂತು ಅಂಗೈಯಲ್ಲಿ ತಂಬಾಕು ತಿಕ್ಕುತ್ತಿದ್ದ. ಅದನ್ನು ಬಾಯಿಗೆ ಹಾಕಿಕೊಳ್ಳುವ ಮೊದಲು ಹೇಳಿದ: “ಧೂಳಪ್ಪಾ, ಒಳಗಿನ ಪದರ ಗಟ್ಟಿ ಹಾಕು. ಹನಿ ನೀರು ಇಳೀಬಾರ್ದು. ಅದರ ಮ್ಯಾಲ ತುಳಸವ್ವನ ಕೈ ಎಟುಕೂ ಮಟಾ ಇನ್ನೊಂದು ತೆಳ್ಳಗ ಬಡದು ಖರಬರಾ ಬಿಡು, ಕುಳ್ಳು ಹಿಡೀಬೇಕು. ಕಿತ್ರ ಅದಷ್ಟ ಹೋಗ್ಲಿ. ಪೇಂಟ್ ಅಲ್ಲಿಂದ ಮ್ಯಾಲ.”

“ಮಾಮಾ! ಹೊಸಾ ಗೋಡಿಗೆ ಸಗಣಿ? ಮಂದಿ ನಗೂದಿಲ್ಲೇನ್ರಿ?”

“ನಗ್ಲಿ. ನಿಮ್ಮ ಅತ್ತಿ ಹೋದ ದಿನಾ ಹ್ಯಾಂಗ ಮಳಿ ಹಿಡದಿತ್ತು? ಸ್ಮಶಾನದಾಗ ಕಟಿಗಿ ಎಲ್ಲಾ ತೊಯ್ದು ಕುಂತಿತ್ತು. ಇಕಿ ತನ್ನ ಕುಳ್ಳಿನ ಬಣವಿ ಬಿಚ್ಚಿ ಕೊಟ್ಟಳಂತ ಚಿತಿ ಹತ್ತಿತು. ಅಷ್ಟೂ ಕುಳ್ಳು ಒಣಗಿದ್ದು ಈ ಗೋಡಿ ಮ್ಯಾಲ.” ಆತ ತಂಬಾಕಿನ ಧೂಳು ಊದಿದ. “ನಾಳೆ ನನಗೂ ಬೇಕಲ್ಲ.”

ರೂಪಾಲಿ ತುಳಸವ್ವನ ತಲೆಯ ಮೇಲಿನ ಬುಟ್ಟಿಯನ್ನು ತಾನೇ ಹಿಡಿದು ಇಳಿಸಿದಳು.

“ಕೈ ಎತ್ರಿ ಕಾಕೂ, ಎಲ್ಲಿ ಮಟಾ ಎಟುಕ್ತೈತಿ ನೋಡೂಣು.”

ತುಳಸವ್ವ ತುದಿಗಾಲಲ್ಲಿ ನಿಂತು ಕೈ ಚಾಚಿದಳು.

“ಏ ತುಳಸಕ್ಕಾ, ಹಿಮ್ಮಡಿ ಇಳಸ! ಮಾಳಗಿ ಮಟಾ ಬಡ್ಯಾಕಿ ಇದ್ದಿಯೇನು?” ಎನ್ನುತ್ತ ಧೂಳಪ್ಪ ಬೆರಳ ತುದಿಯ ನೇರಕ್ಕೆ ಕರಣಿಯಿಂದ ಗೀರೆಳೆದ.

ತುಳಸವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಮತ್ತೆ ಕಟ್ಟೆಯ ಕಡೆ ತಿರುಗಿ ದನಿ ತಗ್ಗಿಸಿದಳು. “ಅಣ್ಣಾ, ಹಂಗೆಲ್ಲಾ ಮಾತಾಡಬ್ಯಾಡ್ರಿ. ನಿಮಗ ಇನ್ನೂ ಭಾಳ ದಿನಾ ಐತಿ.”

“ಅದನ್ನ ನಾನೂ ಹೇಳಾಕತ್ತೇನಿ, ಗಡಬಡಿ ಇಲ್ಲ,” ಎಂದ ಬಾಬಾಸಾಹೇಬ. “ಚಲೋತ್ನ್ಯಾಗ ಒಣಗಿಸು. ಹಸೀ ಕುಳ್ಳು ಹೊಗಿ ಭಾಳ. ಹುಡುಗೋರ ಕಣ್ಣಾಗ ಸುಮ್‌ಸುಮ್ನ ನೀರು ಬರ್ತಾವ.”